ಶಿಬಿರಕ್ಕೆ ಕಳಿಸಲಾಗದ ಕಿವಿ

ಬೇಸಿಗೆ ಶಿಬಿರಕ್ಕೆ ಹೋಗಿ ಬಂದ ಮಕ್ಕಳು ಧೈರ್ಯವಂತರಾಗುತ್ತಾರೆ, ಸ್ವಾವಲಂಬಿಗಳಾಗುತ್ತಾರೆ, ಉಂಡ ತಟ್ಟೆ ತಾವೇ ತೊಳೆಯುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ಹಾಗೆ ಹೇಳುವವರು ಯಾರು ಎಂದು ನನ್ನ ಪ್ರಶ್ನೆ. ಒಂದೋ ಶಿಬಿರ ನಡೆಸುವವರು, ಇಲ್ಲವೇ ಮಕ್ಕಳನ್ನು ಆಗಲೇ ಕಳಿಸಿ ಕೂತಿರುವ ಪಾಲಕರು. ಮೊದಲಿನವರಿಗೆ ಮುಂದಿನ ವರ್ಷವೂ ಮಕ್ಕಳು ಬೇಕು. ಎರಡನೆಯವರಿಗೆ ತಾವು ಮಾಡಿದ್ದು ಸರಿ ಅನ್ನಿಸಬೇಕು. ಇಂಥ ಸಾಕ್ಷಿಗಳನ್ನು ಯಾವ ನಿರ್ಣಾಯಕರೂ ಒಪ್ಪಲಾರರು. ಆ ಮಗು ಮನೆಗೆ ಬಂದ ಮೇಲೆ ಎಷ್ಟು ದಿನ ತಟ್ಟೆ ತೊಳೆಯಿತು ಎಂದು ಒಮ್ಮೆ ಕೇಳಿ ನೋಡಿ, ಮಾತು ಮಳೆಯ ಕಡೆಗೋ ಕಬ್ಬಿನ ದರದ ಕಡೆಗೋ ಹೊರಳುತ್ತದೆ. ಹೀಗೆಲ್ಲ ವಾದಿಸುವ ನಾನೇ ನಮ್ಮ ಅಣ್ಣನ ಮಗಳು ಪೂರ್ವಾಳನ್ನು ಶಿಬಿರಕ್ಕೆ ಕಳಿಸಲೇಬೇಕು ಎಂದು ಮನೆಯಲ್ಲಿ ವಾದಿಸಿ ಗೆದ್ದೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಚಹಾಕ್ಕಿಂತ ಮೊದಲು ವಿಷಯದ ಪರವಾಗಿ, ಚಹಾ ಆದಮೇಲೆ ವಿರೋಧವಾಗಿ ಮಾತಾಡಿ ಎರಡಕ್ಕೂ ಬಹುಮಾನ ತಂದವಳು ನಾನು. ಆ ಬಹುಮಾನದ ಢಾಲುಗಳೆಲ್ಲ ಜುಗೂಳದ ನಮ್ಮ ಮನೆಯ ಶೋಕೇಸಿನಲ್ಲಿವೆ. ಅವ್ವ ಅವುಗಳ ಹಿಂದೆ ಶಾವಿಗೆ ಡಬ್ಬಿ ಇಡುತ್ತಾಳೆ.

ಮೊದಲು ಮಾತು ತೆಗೆದವರು ವೈನಿ, ಅಂದರೆ ಅಣ್ಣನ ಹೆಂಡತಿ. ವೈನಿ ನಮ್ಮ ಮನೆಯಲ್ಲಿ ತಮಗಾಗಿ ಏನನ್ನೂ ಕೇಳಿದವರಲ್ಲ. ನಿಪ್ಪಾಣಿಯ ಹೊರಗಿನ ಒಂದು ಶಾಲೆಯಲ್ಲಿ ಬೇಸಿಗೆ ಸೂಟಿಗೆ ಮಕ್ಕಳ ವಸತಿ ಶಿಬಿರ ನಡೆಯುತ್ತದೆ ಎಂಬ ಸುದ್ದಿಯನ್ನು ಅವರು ತವರೂರು ಅಕ್ಕೋಳದಿಂದ ತಂದಿದ್ದರು. ಊಟಕ್ಕೆ ಬಡಿಸುತ್ತ, ಯಾರ ಮುಖವನ್ನೂ ನೋಡದೆ, "ಪೂರ್ವಾನ್ನ ಕಳಸೂಣೇನ್ರಿ?" ಎಂದರು. ಅಣ್ಣ ಉತ್ತರ ಕೊಡುವುದರೊಳಗೆ ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಯಾಕ, ಮನ್ಯಾಗ ಏನ್ ಕಡಿಮಿ ಆಗೈತಿ ಆಕಿಗೆ? ಎಂಟ ವರ್ಷದ ಕೂಸು. ನನ್ನ ಕಿವಿ ಇಲ್ದ ಒಂದ ದಿನಾನೂ ಮಲಗಿದಾಕಿ ಅಲ್ಲ."

ಕಿವಿಯ ವಿಷಯವನ್ನು ಇಲ್ಲಿ ಹೇಳಿಬಿಡಬೇಕು. ವೈನಿ ಕೋಳಿ ಕೂಗುವ ಮೊದಲೇ ಎದ್ದು ಎಮ್ಮೆ ಹಿಂಡಿ ಡೇರಿಗೆ ಹಾಲು ಕಳಿಸಬೇಕು. ಆದ್ದರಿಂದ ಮೊಲೆ ಬಿಟ್ಟಂದಿನಿಂದ ಪೂರ್ವಾ ತನ್ನ ಆಯಿಯ, ಅಂದರೆ ನಮ್ಮ ಅವ್ವನ, ಪಕ್ಕಕ್ಕೆ ಮಲಗುತ್ತಾಳೆ. ಮಲಗುವುದಕ್ಕೆ ಅವಳಿಗೆ ಅವ್ವನ ಕಿವಿ ಬೇಕು. ಅವ್ವ ಕಿವಿಯ ಬೆಂಡವಾಲಿ ಬಿಚ್ಚಿ ಇಡಬೇಕು, ಇವಳು ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು, ಅರಿವೆ ಅಂಗಡಿಯಲ್ಲಿ ಬಟ್ಟೆಯ ನಯ ನೋಡುವವರ ಹಾಗೆ ತಿಕ್ಕುತ್ತ ನಿದ್ದೆ ಹೋಗಬೇಕು. ಬೇರೆ ಕಿವಿಗಳ ಪರೀಕ್ಷೆಯೂ ಆಗಿದೆ. ನನ್ನದು, ಅಂದರೆ ಅವಳ ಆತ್ಯಾನದು, ತಣ್ಣಗಂತೆ, ಅಣ್ಣನದು ಚುಚ್ಚುತ್ತದಂತೆ, ವೈನಿಯದು ಸಣ್ಣದಂತೆ. ಅವ್ವ ಪಂಢರಪುರಕ್ಕೆ ಹೋಗುವಾಗಲೂ ಕೂಸನ್ನು ಕಟ್ಟಿಕೊಂಡೇ ಹೋದಳು.

ನಾನು ಕೈ ತೊಳೆದು ಎದ್ದು ನಿಂತು ವೈನಿಯ ಪರವಾಗಿ ವಾದ ಮಂಡಿಸಿದೆ. ವ್ಯಕ್ತಿತ್ವ ವಿಕಾಸ, ಸಮೂಹ ಜೀವನ, ಪರಾವಲಂಬನೆಯ ಅಪಾಯಗಳು ಎಂದು ಮೂರು ಮೆಟ್ಟಿಲಲ್ಲಿ ಹತ್ತಿಸಿ ನಿಲ್ಲಿಸಿದೆ. ಅವ್ವ ಪೂರ್ತಿ ಕೇಳಿದಳು.

"ನೀ ಧಾರವಾಡದ ಹಾಸ್ಟೆಲ್ಲಿಗೆ ಹೋದಾಗ ದಿನಾ ಫೋನ್ ಮಾಡಿ ಅಳತಿದ್ದೆಲ್ಲ, ಆಗ ಯಾವ ವಿಕಾಸ ಆಗಾಕತ್ತಿತ್ತಬೇ?"

ಎದುರಾಳಿ ವೈಯಕ್ತಿಕ ದಾಳಿಗೆ ಇಳಿದರೆ ವಾದ ಸೋತಂತೆ ಎಂದು ನಾನು ಘೋಷಿಸಿದೆ. ಅಣ್ಣನಿಗೆ ಊಟ ಮುಗಿಸಿ ಕಬ್ಬಿಗೆ ನೀರು ಬಿಡಲು ಹೋಗಬೇಕಿತ್ತು. "ಕಳಸ್ರಿ ಅತ್ಲಾಗ" ಎಂದು ತೀರ್ಪು ಕೊಟ್ಟ. ಅವ್ವ ಒಂದೇ ಮಾತು ಹೇಳಿದಳು: "ಹುಡುಗಿ ಅತ್ತಗೋಂತ ತಿರಗಿ ಬಂದ್ಳಂದ್ರ ಓಣಿ ಮಂದಿ ನನಗೂ ಏನೂ ಅನ್ನೂದಿಲ್ಲ, ಈ ಭಾಷಣದಾಕಿಗೂ ಏನೂ ಅನ್ನೂದಿಲ್ಲ. ಎಂಥಾ ತಾಯಿ ಅಂತಾರ." ವೈನಿ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಅವ್ವ ಹೇಳಿದ್ದು ನಿಜವೆಂದು ನನಗೂ ಗೊತ್ತಿತ್ತು. ಸೋತರೆ ನನ್ನ ಪಾಲಿಗೆ ಒಂದು ಚರ್ಚೆ ಸೋತಂತೆ, ಅಷ್ಟೆ. ಓಣಿಯ ಮಾತು ಕೇಳಬೇಕಾದವರು ವೈನಿ.

ಬಿಟ್ಟುಬರಲು ಹೋದ ದಿನ ಶಿಬಿರದ ಮುಖ್ಯಸ್ಥೆ, ಎಲ್ಲರೂ ಅಕ್ಕೋರು ಎಂದು ಕರೆಯುವ ನಿವೃತ್ತ ಶಿಕ್ಷಕಿ, ಪಾಲಕರನ್ನೆಲ್ಲ ಕೂರಿಸಿ, "ಏನ್ ಕೇಳೂದೈತಿ ಕೇಳ್ರಿ" ಎಂದರು. ಅಣ್ಣ ಹಾವಿನ ಬಗ್ಗೆ, ಬಾವಿಗೆ ಜಾಲರಿ ಹಾಕಿಸಿರುವ ಬಗ್ಗೆ ಕೇಳಿದ. ಅಥಣಿಯಿಂದ ಬಂದಿದ್ದ ಒಬ್ಬ ದ್ರಾಕ್ಷಿ ತೋಟದ ಸಾವ್ಕಾರರು ಕರಾಟೆ ಕಲಿಸುತ್ತೀರಾ ಎಂದರು. ನಾನು ಶಿಸ್ತಿಗೂ ಶಿಕ್ಷೆಗೂ ಇರುವ ವ್ಯತ್ಯಾಸದ ಬಗ್ಗೆ ಉಪಪ್ರಶ್ನೆಗಳ ಸಹಿತ ಕೇಳಿದೆ. ಕೇಳಬೇಕಾದದ್ದನ್ನೆಲ್ಲ ಕೇಳಿದೆವು, ಹೇಳಬೇಕಾದ ಒಂದನ್ನು ಹೇಳಲಿಲ್ಲ. ಅಷ್ಟು ಜನರ ಎದುರು "ನಮ್ಮ ಹುಡುಗಿಗೆ ಮಲಗಾಕ ಒಂದ ಕಿವಿ ಬೇಕ್ರಿ" ಎನ್ನಲು ಯಾರಿಗೆ ಬಾಯಿ ಬರುತ್ತದೆ? ಮಕ್ಕಳನ್ನು ಶಿಬಿರಕ್ಕೆ ಕಳಿಸುವ ಪಾಲಕರು ತಿಳಿದಿರಬೇಕಾದದ್ದು ನನ್ನ ಮಟ್ಟಿಗೆ ಇದೊಂದೇ. ಹಾವು, ಬಾವಿ, ಬಿಸಿನೀರು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ನಿಮಗೆ ಹೇಳಲು ನಾಚಿಕೆಯಾಗುವ ವಿಷಯ ಯಾವುದೋ ಅದನ್ನೇ ಹೇಳಿ ಬನ್ನಿ. ಅಂದಹಾಗೆ, ತಿನ್ನುವ ಸಾಮಾನು ತರಬೇಡಿರೆಂದು ಮೊದಲೇ ತಿಳಿಸಿದ್ದರು. ಅವ್ವ ಶೇಂಗಾ ಹೋಳಿಗೆಯ ಒಂದು ಬುಟ್ಟಿಯನ್ನೇ ಕಳಿಸಿದ್ದಳು. ಒಬ್ಬಳೇ ಕೂತು ತಿನ್ನುವುದು ಸರಿಯಲ್ಲ, ಆದ್ದರಿಂದ ಎಲ್ಲ ಮಕ್ಕಳಿಗೂ ಆಗುವಷ್ಟು ಎಂಬುದು ಅವಳ ತರ್ಕ. ಅಕ್ಕೋರು ಬುಟ್ಟಿಯನ್ನು ಕೈಮುಗಿದು ವಾಪಸ್ಸು ಕೊಟ್ಟರು. ತರ್ಕ ಎಷ್ಟೇ ಗಟ್ಟಿಯಾಗಿದ್ದರೂ ಸೋಲುತ್ತದೆ ಎಂಬುದನ್ನು ನಾನು ಅಲ್ಲಿ ಕಂಡೆ.

ಪಾಲಕರು ಫೋನ್ ಮಾಡಬಾರದು, ಏನಾದರೂ ಇದ್ದರೆ ನಾವೇ ಮಾಡುತ್ತೇವೆ ಎಂಬುದು ಅವರ ನಿಯಮ. ಫೋನ್ ಬರಲಿಲ್ಲ. "ಬಂದಿಲ್ಲಂದ್ರ ಆರಾಮ ಅದಾಳ" ಎಂದ ಅಣ್ಣ. ಮೌನ ಯಾವುದಕ್ಕೂ ಪುರಾವೆಯಲ್ಲ ಎಂದು ನಾನು ಹೇಳಬಹುದಿತ್ತು. ಆದರೆ ವೈನಿ ದಿನವೆಲ್ಲ ಫೋನನ್ನು ಸೆರಗಿನ ಗಂಟಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರು. ಮೂರು ದಿನ ಕಳೆದು ನಾಲ್ಕನೆಯ ಮುಂಜಾನೆ ಅದು ರಿಂಗಣಿಸಿತು, ಆ ಕಡೆ ಅಕ್ಕೋರು.

"ಗಾಬರಿ ಆಗಬ್ಯಾಡ್ರಿ. ಪೂರ್ವಾನ ಕಿವಿ ಒಂಚೂರು ಬಾತೈತಿ. ಡಾಕ್ಟರ ನೋಡ್ಯಾರ, ಏನೂ ಇಲ್ಲ. ಆದ್ರ ನಿಮಗ ತಿಳಸಬೇಕಲ್ಲ. ಸಾಧ್ಯ ಆದ್ರ ಒಂದ ಸಲ ಬಂದ ಹೋಗ್ರಿ."

ಗಾಬರಿ ಆಗಬೇಡಿ ಎಂದ ಮೇಲೆ ಆಗದಿರುವುದು ಹೇಗೆ? "ಅತ್ತ ಅತ್ತ ಬಾತಿರಬೇಕು" ಎಂದಳು ಅವ್ವ. ಅತ್ತರೆ ಬಾಯುವುದು ಕಣ್ಣು, ಕಿವಿಯಲ್ಲ ಎಂದು ನಾನು ತಿದ್ದಿದೆ. ತಿದ್ದಿದ್ದೇ ತಪ್ಪಾಯಿತು. ಅವ್ವ ಒಂದು ಕ್ಷಣ ಯೋಚಿಸಿ, "ಹಂಗಾದ್ರ ಆ ಅಕ್ಕೋರು ಕಿವಿ ಹಿಂಡ್ಯಾರ!" ಎಂದು ಎದ್ದು ನಿಂತಳು. ಜೀಪು ಬಂತು. ಜಗಳಕ್ಕೆ ಹೊರಟ ಅವ್ವ ಆ ಗಡಿಬಿಡಿಯಲ್ಲೂ ರೊಟ್ಟಿ, ಮಡಕಿ ಉಸಳಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿದಳು. ನಮ್ಮ ಕಡೆ ಯಾರ ಮನೆಗೂ ಬರಿಗೈಲಿ ಹೋಗುವುದಿಲ್ಲ, ಬೈಯಲಿಕ್ಕೆ ಹೋಗುವಾಗಲೂ. ಚಿಕ್ಕೋಡಿ ದಾಟುವ ಹೊತ್ತಿಗೆ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದರ ವಿರುದ್ಧ ನನ್ನ ಭಾಷಣ ಸಿದ್ಧವಾಗಿತ್ತು. ವೈನಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಒಮ್ಮೆ ಮಾತ್ರ, "ನಾನಽ ಕಳಿಸಿದ್ದೆ" ಎಂದರು. ನಾನು ನನ್ನ ಭಾಷಣವನ್ನು ಮೊದಲಿನಿಂದ ಮತ್ತೊಮ್ಮೆ ಮನಸ್ಸಿನಲ್ಲೇ ಹೇಳಿಕೊಂಡೆ.

ಶಾಲೆಯ ಬಾಗಿಲಲ್ಲೇ ನಾನು ಶುರುಮಾಡಿದೆ. ಅಕ್ಕೋರು ಕೈಕಟ್ಟಿಕೊಂಡು, ಚರ್ಚಾಸ್ಪರ್ಧೆಯ ನಿರ್ಣಾಯಕರ ಹಾಗೆ, ಕೊನೆಯತನಕ ಕೇಳಿದರು. "ಮುಗೀತೇನವಾ? ಛಂದ ಮಾತಾಡ್ತಿ. ಈಗ ಸಪ್ಪಳ ಮಾಡದ ಬರ್ರಿ" ಎಂದು ಒಳಗೆ ಕರೆದುಕೊಂಡು ಹೋದರು.

ಮಧ್ಯಾಹ್ನದ ಊಟವಾಗಿ ಮಕ್ಕಳು ಜಮಖಾನೆಯ ಮೇಲೆ ಸಾಲಾಗಿ ಮಲಗಿದ್ದರು. ನಡುವೆ ನಮ್ಮ ಪೂರ್ವಾ. ಒಂದು ಕಿವಿಗೆ ಮುಲಾಮು. ಇನ್ನೊಂದು ಕಿವಿಯನ್ನು ಅವಳಿಗಿಂತ ಸಣ್ಣ ಹುಡುಗಿಯೊಬ್ಬಳು ಎರಡು ಬೆರಳಲ್ಲಿ ಹಿಡಿದು ತಿಕ್ಕುತ್ತಿದ್ದಳು. ಆಚೆ ಇನ್ನಿಬ್ಬರು ತಮ್ಮ ಪಾಳಿಗಾಗಿ ಕಾಯುತ್ತಿದ್ದರು.

"ಪೂರ್ವಾ!" ಎಂದೆ ನಾನು.

"ಶ್! ಒದರಬ್ಯಾಡ ಆತ್ಯಾ. ಇಕಿ ಈಗಽ ಮಲಗಾಕತ್ತಾಳ."

ಹೊರಗೆ ಬಂದು ಅಕ್ಕೋರು ವಿವರಿಸಿದರು. ಮೊದಲ ದಿನ ಪಕ್ಕದಲ್ಲಿದ್ದ ರಾಯಬಾಗದ ಹುಡುಗಿ ತನ್ನ ಅವ್ವ ಬೇಕೆಂದು ಅಳುತ್ತಿದ್ದಳಂತೆ. ಪೂರ್ವಾ ತನಗೇ ನಿದ್ದೆ ಬಾರದೆ ಹೊರಳಾಡುತ್ತಿದ್ದವಳು ಎದ್ದು, "ಹಿಂಗ ಮಾಡು, ನಿದ್ದಿ ಬರತೈತಿ" ಎಂದು ತನ್ನ ಕಿವಿಯನ್ನೇ ಅವಳ ಕೈಗೆ ಕೊಟ್ಟಳಂತೆ. ಆ ಹುಡುಗಿ ಮಲಗಿದಳು. ಅವಳನ್ನು ಮಲಗಿಸಿದ ಸಮಾಧಾನಕ್ಕೋ ಏನೋ ಇವಳೂ ಮಲಗಿದಳು. ಮರುದಿನ ಗಿರಾಕಿಗಳು ಹೆಚ್ಚಾದರು. "ನಾವ ಎಷ್ಟ ಕಥಿ ಹೇಳಿದ್ರೂ ಸುಮ್ಮಾಗದ ಕೂಸುಗೋಳ್ರಿ" ಎಂದು ಅಕ್ಕೋರು ನಕ್ಕರು. "ಆದ್ರ ಈ ಚಟಾ ಒಂದ ನೀವು ಮೊದಲಽ ಹೇಳಿದ್ರ, ಒಂದ ಕಿವಿ ಉಳೀತಿತ್ತು."

ವೈನಿ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು. ಕಣ್ಣು ಒರೆಸಿಕೊಂಡರು, ನಕ್ಕರು, ಮತ್ತೆ ಒರೆಸಿಕೊಂಡರು. ಎದೆಯ ಮೇಲಿನ ಕಲ್ಲು ಇಳಿದರೆ ಮನುಷ್ಯರು ಕೂರುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಹೊಡೆದಾಡಲು ಬಂದ ಅವ್ವ ಬುತ್ತಿ ಬಿಚ್ಚಿ, "ತಗೋರಿ ಅಕ್ಕೋರ, ಇದು ಮಕ್ಕಳಿಗಲ್ಲ, ನಿಮಗ" ಎಂದಳು. ನಿಯಮದಲ್ಲಿ ಇಂಥ ಸಂದಿ ಇದೆ ಎಂದು ನನಗೆ ಹೊಳೆದೇ ಇರಲಿಲ್ಲ. ಮನೆಗೆ ಬರುತ್ತೀಯಾ ಎಂದು ಕೇಳಿದ್ದಕ್ಕೆ ಪೂರ್ವಾ, "ನಾ ಬಂದ್ರ ಇವರನ್ನ ಯಾರ ಮಲಗಸ್ತಾರ?" ಎಂದಳು. ಕೊನೆಗೆ, ಕಿವಿಗೆ ಕೈ ಹಚ್ಚಬಾರದು, ಬೇಕಾದರೆ ಜಡೆ ಹಿಡಿದು ಮಲಗಬಹುದು ಎಂದು ಅಕ್ಕೋರು ಒಪ್ಪಂದ ಮಾಡಿಸಿದರು. ನಾವು ಹಗುರಾಗಿ ವಾಪಸ್ಸು ಬಂದೆವು. ನನ್ನ ಭಾಷಣ ಮಾತ್ರ ವ್ಯರ್ಥವಾಯಿತು. ಚಲೋ ಭಾಷಣ ಅದು.

ಶಿಬಿರ ಮುಗಿಸಿ ಪೂರ್ವಾ ಬಂದಳು. ಹೇಳಿಕೊಳ್ಳುವಂಥ ಧೈರ್ಯವೇನೂ ಬಂದಿಲ್ಲ, ಹಲ್ಲಿ ಕಂಡರೆ ಈಗಲೂ ಕಿರುಚುತ್ತಾಳೆ. ತಟ್ಟೆ ಒಂದು ದಿನ ತೊಳೆದಳು. ಆದರೆ ಬಂದ ದಿನ ಮಧ್ಯಾಹ್ನ ಅವ್ವ ಪಡಸಾಲೆಯಲ್ಲಿ ಚಾಪೆ ಹಾಸಿ, ಬೆಂಡವಾಲಿ ಬಿಚ್ಚಿ, ತಯಾರಾಗಿ ಮಲಗಿ ಕರೆದಾಗ ಪೂರ್ವಾ, "ಬ್ಯಾಡ ಆಯಿ, ನೋಯ್ತೈತಿ. ನನಗ ಗೊತ್ತೈತಿ" ಎಂದಳು. ಅವ್ವ, "ಚಲೋ ಆತು, ನನ್ನ ಕಿವಿಗೂ ಸೂಟಿ ಸಿಕ್ತು" ಎಂದು ಬೆಂಡವಾಲಿ ಹಾಕಿಕೊಂಡು ಗೋಡೆಯ ಕಡೆ ಹೊರಳಿದಳು. ಐದೇ ನಿಮಿಷಕ್ಕೆ ಗೊರಕೆ. ಪೂರ್ವಾ ಅಲ್ಲೇ ಕಡಲೆ ಹಸನು ಮಾಡುತ್ತಿದ್ದ ತಾಯಿಯ ತೊಡೆಯ ಮೇಲೆ ತಲೆಯಿಟ್ಟು, ಏನನ್ನೂ ಹಿಡಿಯದೆ, ಹಾಗೆಯೇ ಮಲಗಿಬಿಟ್ಟಳು. ವೈನಿ ಮೊರವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಎಮ್ಮೆ ಹಿಂಡುವ ಹೊತ್ತಾಯಿತು, ಕೊಟ್ಟಿಗೆಯಲ್ಲಿ ಎಮ್ಮೆಗಳು ಕೂಗಿದವು, ಅವರು ಏಳಲಿಲ್ಲ. ನಾನು ಆ ಮುಖವನ್ನು ನೋಡುತ್ತ ನಿಂತೆ. ವ್ಯಕ್ತಿತ್ವ ವಿಕಾಸ, ಸಮೂಹ ಜೀವನ ಎಂದೆಲ್ಲ ಇವರ ಪರವಾಗಿ ಅಷ್ಟು ವಾದಿಸಿದ ನಾನು, ಇವರ ವಾದ ಏನೆಂದು ಇವರನ್ನು ಒಂದು ಮಾತೂ ಕೇಳಿರಲಿಲ್ಲ. ಹತ್ತಿರ ಹೋಗಿ ಕೂತು, ತೊಡೆಯ ಮೇಲೆ ಮಲಗಿದ್ದವಳನ್ನು ತೋರಿಸಿ, ಪಿಸುದನಿಯಲ್ಲಿ ಕೇಳಿದೆ:

"ವೈನಿ, ಖರೇ ಹೇಳ್ರಿ. ನೀವು ಆಕಿನ್ನ ಕಳಿಸಿದ್ದು ಶಿಬಿರಕ್ಕೋ, ಇಲ್ಲಾ ಇದಕ್ಕೋ?"