ಕೊಳಗದ ಹಿಡಿಕೆಗೊಂದು ಟ್ಯಾಗು

ನಮ್ಮ ಸೋದರತ್ತೆಗೆ ದೇವರಲ್ಲಿ ನಂಬಿಕೆಯಿದೆ, ಡಾಕ್ಟರಲ್ಲಿ ನಂಬಿಕೆಯಿದೆ, ಓಟು ಕೇಳಲು ಬಂದು ಕೈಮುಗಿಯುವವರಲ್ಲೂ ಒಂದಿಷ್ಟು ಇದೆ. ನಂಬಿಕೆಯೇ ಇಲ್ಲದಿರುವುದು ಸೌಟುಗಳಲ್ಲಿ! ಸೌಟಿಗೆ ಕಾಲಿದೆ, ಅದು ಕತ್ತಲಾಗುವುದನ್ನೇ ಕಾದು ಮನೆ ಬಿಟ್ಟು ಹೋಗುತ್ತದೆ ಎಂಬುದು ಅವರ ಖಚಿತ ಅಭಿಪ್ರಾಯ. ಈ ಅಭಿಪ್ರಾಯದಿಂದ ಅವರಿಗೇನೂ ತೊಂದರೆಯಾಗಿಲ್ಲ. ಸುಸ್ತಾಗಿರುವುದು ನಾನು.

ಅತ್ತೆಯದು ಮಧುಗಿರಿಯಲ್ಲಿ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಮಾವ ಕಟ್ಟಿದ್ದು; ಮಾವ ತೀರಿಕೊಂಡ ಮೇಲೆ ಅತ್ತೆಯೇ ನಡೆಸುತ್ತಿದ್ದಾರೆ. ಶಿರಾದಲ್ಲಿ ನಿಖಾ ಇರಲಿ, ಕೊರಟಗೆರೆಯಲ್ಲಿ ಗೃಹಪ್ರವೇಶವಿರಲಿ, ಪಾವಗಡದ ಕಡೆ ತಿಥಿಯೂಟವಿರಲಿ, ಅನ್ನ ಬೇಯುವುದು ಬಹುಪಾಲು ನಮ್ಮತ್ತೆಯ ಕೊಳಗದಲ್ಲೇ. ಹೋಗುವಾಗ ಸಂಸಾರಸಮೇತ ಟೆಂಪೋ ಹತ್ತುವ ಪಾತ್ರೆಗಳು ಬರುವಾಗ ಮಾತ್ರ ಯಾರನ್ನಾದರೂ ಬಿಟ್ಟೇ ಬರುತ್ತವೆ. ಒಂದು ಬಾಂಡ್ಲಿ, ಒಂದು ಬಕೀಟು, ಜಾಲರಿ ಸೌಟಂತೂ ಪ್ರತಿ ಸಲವೂ. ಅಂಥ ದಿನ ಅತ್ತೆಗೆ ಊಟ ಸೇರುವುದಿಲ್ಲ. "ನಿಮ್ಮಾವ ಕೈಯಾರೆ ಆರಿಸಿ ತಂದಿದ್ದು ಕಣ್ಲಾ" ಎಂದು ಗೋಡೆಯ ಖಾಲಿ ಮೊಳೆಯನ್ನು ನೋಡುತ್ತಾ ಕೂರುತ್ತಾರೆ.

ಹೀಗಿರುವಾಗ ತುಮಕೂರಿನ ಒಂದು ಬಟ್ಟೆ ಅಂಗಡಿಗೆ ನಾನು ಅತ್ತೆಯನ್ನು ಕರೆದುಕೊಂಡು ಹೋದೆ. ಸೀರೆ ಕೊಂಡು ಹೊರಬರುವಾಗ ಬಾಗಿಲಿನ ಎರಡೂ ಕಡೆಯ ಕಂಬಗಳು ಒಮ್ಮೆಲೇ ಕುಯ್ಯೋ ಎಂದು ಕಿರುಚಿಕೊಂಡವು. ಬಿಲ್ಲು ಮಾಡಿದವಳು ಸೀರೆಯಲ್ಲಿದ್ದ ಬಿಲ್ಲೆಯನ್ನು ತೆಗೆಯಲು ಮರೆತಿದ್ದಳು. ಅಂಗಡಿಯವರೆಲ್ಲ ನಮ್ಮತ್ತ ತಿರುಗಿದರು. ನಾನು ನಾಚಿಕೆಯಿಂದ ಕುಗ್ಗಿಹೋದೆ. ಬೇರೆ ಹೆಂಗಸಾಗಿದ್ದರೆ ಅಲ್ಲೇ ಜಗಳಕ್ಕೆ ನಿಲ್ಲುತ್ತಿದ್ದರು. ಅತ್ತೆಯ ಮುಖ ಅರಳಿತು! ಮತ್ತೆ ಒಳಗೆ ಹೋದರು, ಮತ್ತೆ ಹೊರಗೆ ಬಂದರು. ಕಂಬಗಳು ಮತ್ತೆ ಕಿರುಚಿದವು.

"ಏನಪ್ಪಾ, ಇದನ್ನ ಸೌಟಿಗೂ ಹಾಕ್ಬೋದಾ?" ಎಂದು ಬಾಗಿಲಲ್ಲಿದ್ದ ಕಾವಲುಗಾರನನ್ನು ಕೇಳಿದರು.

ಆ ಪುಣ್ಯಾತ್ಮ ಇಲ್ಲ ಅಂದಿದ್ದರೆ ನನ್ನ ಬಾಳು ಹಸನಾಗಿರುತ್ತಿತ್ತು. ಅವನು, "ಇದು ಬಾಗಿಲಲ್ಲಿ ಮಾತ್ರ ಕೂಗ್ತದೆ ಅಮ್ಮಾ. ವಸ್ತು ಎಲ್ಲಿದೆ ಅಂತ ಫೋನಲ್ಲೇ ತೋರಿಸೋ ಟ್ಯಾಗು ಬೇರೆ ಬಂದಿದೆ" ಎಂದುಬಿಟ್ಟ.

ಟ್ಯಾಗುಗಳು ಬಂದವು. ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡವು, ಬೆಳ್ಳಗೆ, ದುಂಡಗೆ; ಫೋನಿನಲ್ಲಿ ಒತ್ತಿದರೆ ಕುಯ್ ಕುಯ್ ಎನ್ನುವವು. ಅತ್ತೆಯದು ಗುಂಡಿ ಒತ್ತುವ ಹಳೇ ಫೋನು, ಅದಕ್ಕೆ ಈ ವಿದ್ಯೆ ಹತ್ತುವುದಿಲ್ಲ. ಹಾಗಾದರೆ ಯಾರ ಫೋನಿಗೆ ಜೋಡಿಸಬೇಕು? ನಾನೊಬ್ಬ ಹೈಸ್ಕೂಲು ಮೇಷ್ಟ್ರು, ಮಧುಗಿರಿಯಲ್ಲೇ ಇದ್ದೇನೆ, ಕರೆದರೆ ಬರುತ್ತೇನೆ. ಇಷ್ಟು ಅರ್ಹತೆ ಸಾಲದೆ? ಪ್ರತಿಯೊಂದಕ್ಕೂ ಅತ್ತೆ ಹೆಸರು ಹೇಳಿದರು, ನಾನು ಬರೆದೆ. ಅಲ್ಲಿಂದ ಇಲ್ಲಿಯವರೆಗೆ ನಾನು ಒಂದು ಊಟವನ್ನೂ ನೆಮ್ಮದಿಯಾಗಿ ಮಾಡಿಲ್ಲ. ತುತ್ತು ಬಾಯಿಗಿಡುವಷ್ಟರಲ್ಲಿ ಫೋನು ಟಿಣ್ ಎನ್ನುತ್ತದೆ: 'ದೊಡ್ಡ ಹಂಡೆ ನಿಮ್ಮನ್ನು ಬಿಟ್ಟು ದೂರ ಹೋಗುತ್ತಿದೆ.' ಹೋಗಲಿ ಮಾರಾಯ, ಎಲ್ಲಾದರೂ ಸುಖವಾಗಿರಲಿ ಎಂದುಕೊಂಡು ಸಾರು ಕಲಸುವಷ್ಟರಲ್ಲಿ ಅತ್ತೆಯ ಕರೆ.

"ಲೋ, ಹಂಡೆ ಎಲ್ಲೈತೆ?"

"ಮದಲೂರು ಕೆರೆ ಏರಿ ಮೇಲಿದೆ ಅತ್ತೆ."

"ಏರಿ ಮೇಲೆ ಏನ್ಲಾ ಮಾಡ್ತೈತೆ?"

"ನಂಗೇನು ಗೊತ್ತು? ಗಾಳಿಗೆ ಹೋಗಿರ್ಬೇಕು."

"ತಮಾಸೆ ಬುಡು. ಸರಿಯಾಗಿ ನೋಡು!"

ಒಮ್ಮೆ ನಮ್ಮ ಹೆಡ್ಮಾಸ್ಟರು ಫಲಿತಾಂಶ ಯಾಕೆ ಕುಸಿಯಿತೆಂದು ಗಂಭೀರವಾಗಿ ವಿಚಾರಿಸುತ್ತಿದ್ದಾಗ ನನ್ನ ಫೋನು ಟಿಣ್ ಎಂದಿತು. ಪಕ್ಕದಲ್ಲಿದ್ದ ವಿಜ್ಞಾನದ ಮೇಡಮ್ಮು ಬಗ್ಗಿ ನೋಡಿ ಗಟ್ಟಿಯಾಗಿ ಓದಿಬಿಟ್ಟರು: "'ಕರೀ ಬಾಂಡ್ಲಿ ಬುಕ್ಕಾಪಟ್ಟಣದ ಹತ್ತಿರ ಕಾಣಿಸಿಕೊಂಡಿದೆ.' ಏನ್ಸಾರ್, ಅಲ್ಲಿನ ಕಾಡಿನ ಚಿಂಕಾರ ಜಿಂಕೆಗೆ ಹಿಂಗೂ ಹೆಸರಿಡ್ತಾರಾ?" ಅಂದಿನಿಂದ ಶಾಲೆಯಲ್ಲಿ ನಾನು ಬಾಂಡ್ಲಿ ಮೇಷ್ಟ್ರು.

ಟ್ಯಾಗೇನೋ ಬಂತು, ಅಂಟಿಸುವುದು ಹೇಗೆ? ಗೋಂದು ಹಚ್ಚಿದರೆ ಮೊದಲ ತೊಳೆತಕ್ಕೇ ಬಿದ್ದುಹೋಗುತ್ತಿತ್ತು. ಅತ್ತೆ ಕೊಳಗಗಳನ್ನು ಹೇರಿಕೊಂಡು ಶಿರಾಕ್ಕೆ ಹೋದರು. ಜೊತೆಗೆ ನಾನು, ಬೇರೆ ಯಾರು? ಅಲ್ಲಿ ಪಾತ್ರೆಗೆ ಬೆಸುಗೆ ಹಾಕುವ ಸಾಬರು ಅತ್ತೆಗೆ ಹಳೆಯ ಪರಿಚಯ. ಹಿಡಿಕೆಯ ಕೆಳಗೊಂದು ತಗಡಿನ ಡಬ್ಬಿ ಕೂರಿಸಿ ಟ್ಯಾಗನ್ನು ಅದರೊಳಗೆ ಮುಚ್ಚಬೇಕೆಂದು ಅತ್ತೆ ಹಟ ಹಿಡಿದರು.

"ಅರೆ ಅಮ್ಮಾ, ಅದನ್ನ ಡಬ್ಬಿ ಒಳಗೆ ಬಂದ್ ಮಾಡಿದ್ರೆ ಅವಾಜ್ ಹೊರಗೆ ಹೆಂಗೆ ಬರ್ತೈತೆ?" ಎಂದರು ಸಾಬರು.

"ಅಂಗಾದ್ರೆ ಡಬ್ಬಿಗೆ ತೂತು ಹೊಡಿ."

"ತೂತು ಹೊಡೆದ್ರೆ ನೀರು ಹೋಗ್ತೈತೆ."

"ಅದಕ್ಕೊಂದು ಮುಚ್ಚಳ ಮಾಡು."

ಸಾಬರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಕಷ್ಟದಲ್ಲಿರುವ ಇಬ್ಬರಿಗೆ ಪರಿಚಯ ಬೇರೆ ಬೇಕೆ? ಚಾ ತರಿಸಿಕೊಟ್ಟರು. ಕೊನೆಗೆ ತೂತಿರುವ ಡಬ್ಬಿ, ಅದಕ್ಕೊಂದು ಮುಚ್ಚಳ ಎರಡೂ ಆದವು. ಸೌಟಿಗೆ ಮಾತ್ರ ಡಬ್ಬಿ ಕೂರಿಸಲು ಜಾಗವಿರಲಿಲ್ಲ, ತಂತಿ ಸುತ್ತಿ ಬಿಗಿದರು.

ಆ ತಂತಿಯ ಫಲ ಕೊರಟಗೆರೆಯ ಒಂದು ಮದುವೆಯಲ್ಲಿ ಗೊತ್ತಾಯಿತು. ನಾವಿಬ್ಬರೂ ಊಟಕ್ಕೆ ಕುಳಿತಿದ್ದೆವು. ಬಡಿಸುವವನ ಕೈಯಲ್ಲಿ ತಮ್ಮ ಸೌಟು ಕಾಣಲಿಲ್ಲವೆಂದು ಅತ್ತೆಗೆ ಅನುಮಾನ. "ಸದ್ದು ಮಾಡ್ಸೋ" ಎಂದು ಮೊಣಕೈಯಿಂದ ತಿವಿದರು. ನಾನು ಬೇಸರದಿಂದಲೇ ಫೋನು ಒತ್ತಿದೆ. ಎದುರು ಸಾಲಿನಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರ ಎಲೆಯಲ್ಲಿ ಹುಳಿ ಕುಯ್ ಕುಯ್ ಎನ್ನತೊಡಗಿತು! ಅವರು ಹಿಂದಕ್ಕೆ ಜಿಗಿದ ವೇಗಕ್ಕೆ ಪಕ್ಕದವರ ಪಾಯಸ ಚೆಲ್ಲಿತು. ಯಾರೋ ಬಾಂಬು ಅಂದರು, ಯಾರೋ ಕಪ್ಪೆ ಅಂದರು. ಅತ್ತೆ ನಿಧಾನವಾಗಿ ಎದ್ದುಹೋಗಿ, ಅವರ ಎಲೆಯ ಮೂಲಂಗಿ ಹೋಳುಗಳ ನಡುವಿನಿಂದ ಟ್ಯಾಗನ್ನು ಆರಿಸಿಕೊಂಡು, ಸೆರಗಿನಲ್ಲಿ ಒರೆಸಿ, "ಅಬ್ಬ, ಕೆಟ್ಟಿಲ್ಲ ಕಣ್ಲಾ" ಎಂದರು. ಕೆಟ್ಟಿದ್ದು ಆ ಹಿರಿಯರ ಊಟ. ಅದರ ವಿಚಾರ ಅತ್ತೆ ಎತ್ತಲೇ ಇಲ್ಲ.

ಪಾವಗಡದ ಕಡೆಯದು ಇನ್ನೊಂದು ಬಗೆ. ತಿಥಿಗೆ ಹೋದ ಜಾಲರಿ ಸೌಟು ಬರಲಿಲ್ಲ. ಫೋನಿನಲ್ಲಿ ನೋಡಿದರೆ ಅದು ಬೆಳಿಗ್ಗೆ ಊರಾಚೆ ಹೋಗುತ್ತದೆ, ಸಾಯಂಕಾಲ ಊರೊಳಗೆ ಬರುತ್ತದೆ! "ದಿನಾ ಬಚ್ಚಿಡ್ತಾವ್ನೆ ಕಳ್ಳ" ಎಂದು ತೀರ್ಮಾನವಾಯಿತು. ನನ್ನ ಭಾನುವಾರ ಹೋಯಿತು. ಬಿಸಿಲಲ್ಲಿ ಬಂಡೆಗಳ ಮಧ್ಯೆ ಫೋನು ಹಿಡಿದು ಏದುಸಿರು ಬಿಡುತ್ತಾ ಹೋದರೆ ಕೊನೆಗೆ ಸಿಕ್ಕಿದ್ದು ಒಂದು ಮೇಕೆ. ಅದರ ಕೊರಳಲ್ಲಿ ಕೆಂಪು ದಾರ, ದಾರದಲ್ಲಿ ನಮ್ಮ ಟ್ಯಾಗು. ಮೇಯಿಸುತ್ತಿದ್ದ ಅಜ್ಜಿಯ ಸೊಂಟದ ಚೀಲದಲ್ಲಿ ದೊಡ್ಡ ಫೋನಿತ್ತು. ಟ್ಯಾಗು ಹತ್ತಿರವಿರುವ ಯಾರ ಫೋನಿನ ಮೂಲಕವಾದರೂ ಸುದ್ದಿ ಕಳಿಸುತ್ತದೆ; ಅದರ ದಯೆಯಿಂದಲೇ ನಮಗೆ ಬರುತ್ತಿದ್ದದ್ದು.

"ಹಿತ್ಲಲ್ಲಿ ಬಿದ್ದಿತ್ತಮ್ಮಾ. ಬೆಳ್ಳಗೆ ಚಂದ ಐತೆ, ಮೇಕಕಿ ದಿಷ್ಟಿ ತಾಕದಂಗೆ ಕಟ್ದೆ. ತಪ್ಪೇಮಿ?" ಎಂದಳು ಅಜ್ಜಿ, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ.

"ಮತ್ತೆ ಸೌಟು?"

"ಸೌಟು ನಾಕೇಂ ತೆಲುಸು, ನಂಗೇನ್ ಗೊತ್ತು?"

ಅತ್ತೆ ಬಹಳ ಹೊತ್ತು ಮೇಕೆಯನ್ನು ದಿಟ್ಟಿಸಿದರು. ಅದೂ ಮೆಲುಕು ಹಾಕುತ್ತಾ ದಿಟ್ಟಿಸಿತು. ಟ್ಯಾಗು ಬಿಚ್ಚಿಕೊಂಡು ಬಂದೆವು. ಟ್ಯಾಗು ಕಾಯಲು ಸೌಟು, ಸೌಟು ಕಾಯಲು ಟ್ಯಾಗು, ಎರಡನ್ನೂ ಕಾಯಲು ನಾನು! ಇನ್ನು ಸಾಕು, ಮುಂದಿನ ಭಾನುವಾರ ದೇವರೇ ಬಂದು ಕರೆದರೂ ಏಳುವುದಿಲ್ಲ ಎಂದು ಹೆಂಡತಿಯ ಮುಂದೆ ಶಪಥ ಮಾಡಿದೆ. "ದೇವ್ರು ಕರೆದ್ರೆ ಏಳದಿದ್ರೂ ನಡೀತದೆ, ನಿಮ್ಮತ್ತೆ ಕರೆದ್ರೆ?" ಎಂದಳು ಅವಳು.

ಅತ್ತೆ ಕರೆದರು.

ಚನ್ನರಾಯನದುರ್ಗದ ಹತ್ತಿರದ ಒಂದು ಹಳ್ಳಿಗೆ ಮದುವೆಗೆಂದು ಹೋದ ಕೊಳಗ ವಾಪಸು ಬಂದಿರಲಿಲ್ಲ. ಅಂಗಡಿಯಲ್ಲೇ ಎಲ್ಲಕ್ಕಿಂತ ದೊಡ್ಡದು. ಮಾವ ಕೊಂಡ ಮೊದಲ ಪಾತ್ರೆ. ಫೋನಿನಲ್ಲಿ ಅದು ಒಂದೇ ಮನೆಯಲ್ಲಿ ಅಲುಗಾಡದೆ ಕೂತಿತ್ತು. ಆ ಮನೆಯವರು ಕರೆ ಎತ್ತುತ್ತಿರಲಿಲ್ಲ. ಅತ್ತೆ ದಾರಿಯುದ್ದಕ್ಕೂ ಬೈಗುಳ ತಾಲೀಮು ಮಾಡಿದರು. ನಾನು ಆಕಳಿಸುತ್ತಾ ಗಾಡಿ ಓಡಿಸಿದೆ.

ಬಾಗಿಲು ತೆರೆದವಳು ಅತ್ತೆಯದೇ ವಯಸ್ಸಿನ ಹೆಂಗಸು. ನಮ್ಮನ್ನು ನೋಡಿದ ಕೂಡಲೇ ಗುರುತು ಹಿಡಿದು ತಲೆ ತಗ್ಗಿಸಿದಳು. ಪಡಸಾಲೆಯ ಮೂಲೆಯಲ್ಲಿ ಏನೋ ದೊಡ್ಡದು, ಮೇಲೊಂದು ಹೊದಿಕೆ. ಅತ್ತೆ ದಡದಡನೆ ಹೋಗಿ ಹೊದಿಕೆ ಎಳೆದರು. ನಮ್ಮ ಕೊಳಗವೇ. ಅತ್ತೆ ಬಾಯಿ ತೆರೆದರು. ಆಮೇಲೆ ಬಗ್ಗಿ ಕೊಳಗದ ತಳ ಸವರಿದರು. ಬೆರಳು ನೋಡಿಕೊಂಡರು. ಬೆರಳಿಗೆ ಮಸಿ ಹತ್ತಿರಲಿಲ್ಲ. ಅಂಗಡಿಯಿಂದ ಬೆಳಗಿ ಕಳಿಸಿದಾಗ ಹೇಗಿತ್ತೋ ಹಾಗೇ ಹೊಳೆಯುತ್ತಿತ್ತು.

"ಒಲೆ ಮೇಲೆ ಇಟ್ಟೇ ಇಲ್ವಾ?" ಎಂದರು, ದನಿ ತಗ್ಗಿಸಿ.

"ಚಪ್ಪರ ಹಾಕಾಗಿತ್ತು ಕಣಕ್ಕ" ಎಂದಳು ಆಕೆ. "ಮದುವೆ ಹಿಂದಿನ ದಿನ ಗಂಡಿನ ಕಡೆಯವ್ರು ಸಂಬಂಧವೇ ಬ್ಯಾಡ ಅಂದ್ಬುಟ್ರು. ಚಪ್ಪರ ಬಿಚ್ದೋ. ಕುರ್ಚಿ ಕಳಿಸ್ದೋ. ಅವೆಲ್ಲ ಹೋಗೋವಾಗ ಮಗಳು ಕಿಟಕೀಲಿ ನಿಂತು ನೋಡ್ತಾ ಇದ್ಲು. ಕೊನೆಗೆ ಇದೂ ಅಂಗೇ ಹೊಳೀತಾ ಟೆಂಪೋ ಹತ್ತೋದನ್ನ ಅವಳಿಗೆ ತೋರ್ಸಕ್ಕೆ ನನ್ ಕೈಲಿ ಆಗ್ಲಿಲ್ಲ. ಇವತ್ತು ಕಳಿಸಾನ, ನಾಳೆ ಕಳಿಸಾನ ಅಂತ... ಕದಿಯೋ ಜನ ಅಲ್ಲಕ್ಕ ನಾವು."

ಒಳಕೋಣೆಯ ಬಾಗಿಲ ಹಿಂದೆ ಯಾರೋ ನಿಂತಿದ್ದರು. ಬಳೆಯ ಸದ್ದು ಕೇಳಿಸಿ ನಿಂತುಹೋಯಿತು.

ಅತ್ತೆ ಎಳೆದ ಹೊದಿಕೆಯನ್ನು ಮಡಿಸಿ ಪಕ್ಕಕ್ಕಿಟ್ಟರು. ಆಮೇಲೆ ಕೇಳಿದರು: "ಮನೇಲಿ ಬೆಲ್ಲ ಐತಾ?"

"ಐತೆ."

"ಶಾವಿಗೆ?"

"ಮದುವೆಗೆ ತಂದಿದ್ದೇ ಐತೆ."

"ತಗೊಂಡು ಬಾ. ನಮ್ಮಂಗ್ಡಿ ಕೊಳಗ ಅಡಿಗೆ ಮಾಡ್ದೆ ಯಾವತ್ತೂ ವಾಪಸ್ ಬಂದಿಲ್ಲ, ಇವತ್ತೂ ಬರಲ್ಲ" ಎಂದವರೇ ನನ್ನ ಕಡೆ ತಿರುಗಿದರು. "ಏನ್ಲಾ ನೋಡ್ತಾ ನಿಂತೆ? ಹಿತ್ಲಲ್ಲಿ ಕಲ್ಲು ಹುಡುಕಿ ಒಲೆ ಹೂಡು."

ಕಲ್ಲು ಹೊತ್ತೆ, ಸೌದೆ ಹೊತ್ತೆ, ಊದಿ ಊದಿ ಕಣ್ಣೆಲ್ಲ ಕೆಂಪಾದವು. ಕೊಳಗವನ್ನು ಒಲೆಗೇರಿಸುವಾಗ ನೆನಪಾಗಿ, "ಅತ್ತೆ, ಟ್ಯಾಗು ಸುಟ್ಟೋಗ್ತದೆ, ತೆಗೀತೀನಿ ಇರಿ" ಎಂದೆ.

"ಸುಟ್ಟೋಗ್ಲಿ ಬುಡು" ಎಂದರು.

ಇಡೀ ಊರಿಗೆ ಬೇಯಿಸುವ ಪಾತ್ರೆ. ಹಾಕಿದ್ದು ನಾಲ್ಕು ಜನಕ್ಕಾಗುವಷ್ಟು ಶಾವಿಗೆ. ಪಾಯಸ ಎಲ್ಲೋ ಪಾತಾಳದಲ್ಲಿ ಕುದಿಯುತ್ತಿತ್ತು. ಬೆಲ್ಲದ ವಾಸನೆ ಹಿತ್ತಲು ತುಂಬಿದಾಗ, ಬೆಂಕಿ ಎಳೆದು, ಪಾತ್ರೆಯನ್ನು ಇಳಿಸಿ ಆರಲು ಬಿಟ್ಟೆವು. ಅತ್ತೆ ಒಳಗೆ ಹೋಗಿ ಆ ಹುಡುಗಿಯ ಕೈ ಹಿಡಿದು ಕರೆದುಕೊಂಡು ಬಂದರು. ಕೈಗೊಂದು ಲೋಟ ಕೊಟ್ಟು, "ನಮ್ಗೆ ಬಗ್ಗಕ್ಕಾಗಲ್ಲ ಕಣಮ್ಮ, ವಯಸ್ಸಾಯ್ತು. ನೀನೇ ತೆಗೆದುಕೊಡು" ಎಂದರು.

ಹುಡುಗಿ ಬಗ್ಗಿದಳು. ಲೋಟ ಎಟುಕಲಿಲ್ಲ. ಇನ್ನೂ ಬಗ್ಗಿದಳು, ತಲೆ ಒಳಗೆ ಹೋಯಿತು, ಭುಜ ಹೋಯಿತು, ಕಾಲು ನೆಲ ಬಿಟ್ಟಿತು. ಕೊಳಗದೊಳಗಿನಿಂದ "ಅಯ್ಯೋ, ಸಿಗ್ತಾನೇ ಇಲ್ವಲ್ಲ!" ಎಂಬ ದನಿ ಗುಂಯ್ ಎಂದು ಬಂತು, ಹಿಂದೆಯೇ ತಡೆಯಲಾಗದೆ ಉಕ್ಕಿದ ನಗು, ಪಾತ್ರೆಯ ತುಂಬಾ ಸುತ್ತಿ ಸುತ್ತಿ ದೊಡ್ಡದಾಗುತ್ತಾ ಹೊರಗೆ ಬಂತು. ಅವಳಮ್ಮ ಮಗಳು ಬಿದ್ದುಬಿಟ್ಟಾಳೆಂದು ಎರಡೂ ಕೈಯಲ್ಲಿ ಅವಳ ಲಂಗದ ಅಂಚನ್ನು ಹಿಡಿದು ನಿಂತಿದ್ದಳು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.