ಮಜೀದರ ಬ್ರಿಟನ್ ಊಟ

ಎಲ್ಲಕ್ಕೂ ಕಾರಣ ಆಫೀಸಿನ ಲಿಫ್ಟು. ಗುರುವಾರ ಸಂಜೆ ಅದು ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ಎರಡು ನಿಮಿಷ ನಿಂತುಬಿಡದಿದ್ದರೆ ಅಬ್ದುಲ್ ಮಜೀದರು ಬಾಯಿ ಬಿಡುತ್ತಲೇ ಇರಲಿಲ್ಲ.

ಒಳಗಿದ್ದವರು ಇಬ್ಬರೇ, ಮಜೀದರು ಮತ್ತು ಅವರ ಬ್ರಿಟಿಷ್ ಮ್ಯಾನೇಜರ್ ಡಗ್ಲಸ್. ಹಫ್ರ್ ಅಲ್ ಬಾತಿನ್‌ಗೆ ಒಂದು ವರ್ಷದ ಮಟ್ಟಿಗೆ ವರ್ಗವಾಗಬಹುದಾದ ಮೂವರ ಪಟ್ಟಿ ಆವತ್ತು ಬೆಳಿಗ್ಗೆಯಷ್ಟೇ ನೋಟಿಸ್ ಬೋರ್ಡಿಗೆ ಬಿದ್ದಿತ್ತು. ಮೊದಲ ಹೆಸರೇ ಸ್ಟೋರ್ ಕೀಪರ್ ಮಜೀದರದು. ರಿಯಾದಿನಿಂದ ಅಲ್ಲಿಗೆ ಐದು ಗಂಟೆಯ ದಾರಿ. ಮಗಳು ಹಿಬಾ ಹತ್ತನೇ ಕ್ಲಾಸು, ಶಾಲೆ ಬಿಡಿಸುವಂತಿಲ್ಲ. ಅಂದರೆ ಹೆಂಡತಿ, ಮಗಳು ರಿಯಾದಿನ ಮಲಾಜ್ ಬಡಾವಣೆಯ ಫ್ಲ್ಯಾಟಿನಲ್ಲಿ, ಮಜೀದರು ಮರಳುಗಾಡಿನ ಕ್ಯಾಂಪಿನಲ್ಲಿ. ಹದಿನೇಳು ವರ್ಷದ ಸಂಸಾರದಲ್ಲಿ ಹೆಂಡತಿಯ ಕೈಯ ಚಹಾ ಇಲ್ಲದೆ ಹಲ್ಲುಜ್ಜಿದ ಬಾಯಿಗೆ ಏನೂ ಹಾಕದ ಮನುಷ್ಯ ಅವರು. ಪಟ್ಟಿ ನೋಡಿದಾಗಿನಿಂದ ಕೂತಲ್ಲಿ ಕೂರಲು, ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ.

ನಿಂತ ಲಿಫ್ಟಿನಲ್ಲಿ ಏನಾದರೂ ಮಾತಾಡಬೇಕಲ್ಲ. "ಸರ್, ನಾನು ಬೆಳೆದದ್ದು ನಿಮ್ಮ ಇಂಗ್ಲೆಂಡಿನ ಬ್ರಾಡ್‌ಫರ್ಡಿನಲ್ಲಿ" ಎಂದರು. ಅದು ಸುಳ್ಳಲ್ಲ. ಅಪ್ಪ ಅಲ್ಲಿ ಬಟ್ಟೆ ಗಿರಣಿಯಲ್ಲಿದ್ದಾಗ ಮಜೀದರು ನಾಲ್ಕನೇ ವಯಸ್ಸಿನಿಂದ ಹನ್ನೆರಡರವರೆಗೆ ಅಲ್ಲೇ ಇದ್ದವರು. ಡಗ್ಲಸ್ ಮುಖ ಅರಳಿತು. ಅದನ್ನು ಕಂಡದ್ದೇ ಮಜೀದರ ನಾಲಿಗೆಗೆ ಲಗಾಮು ತಪ್ಪಿತು. "ನಾಳೆ ಸಂಜೆ ನಮ್ಮ ಮನೆಗೆ ಬನ್ನಿ ಸರ್. ಅಪ್ಪಟ ಬ್ರಿಟನ್ ಊಟ ಹಾಕಿಸುತ್ತೇನೆ."

ಲಿಫ್ಟು ಹೊರಟಿತು. ಡಗ್ಲಸ್ ಬರುತ್ತೇನೆ ಎಂದುಬಿಟ್ಟರು.

ಶುಕ್ರವಾರ ಬೆಳಿಗ್ಗೆ ಹೆಂಡತಿ ಝೀನತ್ ಸೊಂಟಕ್ಕೆ ಕೈಯಿಟ್ಟು ನಿಂತಳು. "ಅಲ್ಲ, ನಿಮಗೆ ಬ್ರಿಟನ್ ಅಡಿಗೆ ಎಂತ ಗೊತ್ತುಂಟು? ಅಲ್ಲಿ ಸಹ ನಿಮ್ಮ ಉಮ್ಮ ಮಾಡಿದ್ದು ಅಕ್ಕಿರೊಟ್ಟಿ, ಮೀನುಸಾರು ಅಂತ ನೀವೇ ಹೇಳುದಲ್ವಾ?"

ಮಜೀದರಿಗೆ ಆಗಲೇ ಹೊಳೆದದ್ದು. ಬ್ರಿಟನ್ ಎಂದರೆ ಅವರಿಗೆ ನೆನಪಾಗುತ್ತಿದ್ದದ್ದು ಕಿಟಕಿಯ ಗಾಜಿನ ಒಳಮೈಗೆ ಹೆಪ್ಪುಗಟ್ಟುತ್ತಿದ್ದ ಮಂಜು, ಬಾಗಿಲ ಬಳಿಯ ಹಾಲಿನ ಬಾಟಲಿ, ಕಾಸು ಹಾಕಿದರೆ ಮಾತ್ರ ಉರಿಯುತ್ತಿದ್ದ ಗ್ಯಾಸ್ ಹೀಟರು, ಅದರ ಮುಂದೆ ಒಂದೇ ಕಂಬಳಿಯೊಳಗೆ ಕೂತ ತಾನು ಮತ್ತು ಅಕ್ಕ. ಇವು ಯಾವುವೂ ತಿನ್ನುವ ವಸ್ತುಗಳಲ್ಲ. ಬ್ರಿಟನ್ನಿನ ಅಡಿಗೆ ಎಂದು ಅವರು ತಿಂದದ್ದು ಶಾಲೆಯ ಮಧ್ಯಾಹ್ನದ ಊಟ ಮಾತ್ರ. ಅದರಲ್ಲೂ ಹಲಾಲ್ ಅಲ್ಲವೆಂದು ಮಾಂಸ ಬಿಟ್ಟು ಉಳಿದದ್ದು. ಹಿಸುಕಿದ ಆಲೂಗಡ್ಡೆ, ಬೇಯಿಸಿದ ಬಟಾಣಿ, ಬೆಳಗಿನಿಂದ ಬೇಯುತ್ತಿದ್ದ ಎಲೆಕೋಸು, ಕೊನೆಗೆ ಕಸ್ಟರ್ಡು. ಆಗ ಕಣ್ಣು ಮುಚ್ಚಿ ನುಂಗುತ್ತಿದ್ದದ್ದು ಈಗ ಯಾಕೋ ಮತ್ತೊಮ್ಮೆ ತಿನ್ನಬೇಕೆನಿಸಿತು.

"ಅದನ್ನೇ ಮಾಡುವ" ಎಂದರು.

"ಬಾಪ, ಪ್ಲೀಸ್" ಎಂದಳು ಹಿಬಾ. "ಅದು ಹಾಸ್ಪಿಟಲ್ ಫುಡ್."

ಎದುರು ಫ್ಲ್ಯಾಟಿನ ಹರಿಣಾಕ್ಷಿ ಇಡ್ಲಿ ಪಾತ್ರೆ ಹಿಂತಿರುಗಿಸಲು ಬಂದವಳು ವಿಷಯ ಕೇಳಿ ಪಾತ್ರೆ ಕೆಳಗಿಟ್ಟು ಸೆರಗು ಸಿಕ್ಕಿಸಿದಳು. ಉಡುಪಿ ಕಡೆಯ ಹೆಂಗಸು, ಇನ್ನೊಬ್ಬರ ಅಡಿಗೆಮನೆ ಕಂಡರೆ ಸುಮ್ಮನೆ ಹಿಂದಿರುಗುವವಳಲ್ಲ. "ಬಟಾಟೆ ಹಿಸುಕುದಾ? ಅದಕ್ಕೊಂದು ಒಗ್ಗರಣೆ ಹಾಕುವ ಮಜೀದಣ್ಣ. ಸಾಸಿವೆ, ಕರಿಬೇವಿನ ಸೊಪ್ಪು, ಎರಡು ಹಸಿಮೆಣಸು."

"ಬೇಡ ಮಾರಾಯ್ತಿ. ಅವರು ಉಪ್ಪು ಸಹ ಹೆದರಿ ಹೆದರಿ ಹಾಕುವವರು."

"ಉಪ್ಪು, ಖಾರ ಇಲ್ಲದ್ದು ಊಟವಾ? ನೀವು ಆಚೆ ಹೋಗಿ, ನಾನು ನೋಡ್ಕೊಳ್ತೇನೆ."

ಮಜೀದರು ಆಚೆ ಹೋಗಲಿಲ್ಲ. ಆಲೂಗಡ್ಡೆಯ ಪಾತ್ರೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನಿಂತರು. ಎಲೆಕೋಸನ್ನು ಆಗಲೇ ಒಲೆಗೇರಿಸಿ, "ಇದನ್ನು ಯಾರೂ ಮುಟ್ಟಬಾರದು" ಎಂದು ತಾಕೀತು ಮಾಡಿದರು. ಕಸ್ಟರ್ಡ್ ಪೌಡರ್ ಇಲ್ಲವೆಂದು ಗೊತ್ತಾದದ್ದು ಆಮೇಲೆ.

ಶುಕ್ರವಾರ ಬೆಳಿಗ್ಗೆ ರಿಯಾದಿನಲ್ಲಿ ಅಂಗಡಿ ಹುಡುಕುವುದೆಂದರೆ ಕೆಲಸವಿಲ್ಲದವನ ಕೆಲಸ. ಜುಮಾ ನಮಾಝ್ ಮುಗಿಯುವವರೆಗೆ ಬೀದಿಯುದ್ದಕ್ಕೂ ಶಟರು. ನಮಾಝ್ ಮುಗಿಸಿ ಮಜೀದರು ಮೂರು ಅಂಗಡಿ ಸುತ್ತಿದರು. ಒಂದರಲ್ಲಿ ಜೆಲ್ಲಿ ಇತ್ತು, ಇನ್ನೊಂದರಲ್ಲಿ ಕಸ್ಟರ್ಡಿನ ಚಿತ್ರವಿದ್ದ ಖಾಲಿ ಡಬ್ಬ. ನಾಲ್ಕನೆಯದು ಮಲಯಾಳಿ ಕೋಯನ ಅಂಗಡಿ. ಮಜೀದರು ಡಬ್ಬಿಯನ್ನು ಕಪಾಟಿನಲ್ಲಿ ಕಣ್ಣಾರೆ ಕಂಡು ಕೈ ಚಾಚುವಷ್ಟರಲ್ಲಿ ಸಂಜೆಯ ಅಸರ್ ನಮಾಝಿನ ಬಾಂಗ್ ಆಯಿತು. ಕೋಯ ದೀಪ ಆರಿಸಿದ.

"ಕೋಯಾ, ಒಂದೇ ಡಬ್ಬಿ. ಅರ್ಧ ನಿಮಿಷ."

"ನಮಾಝ್ ಕೆ ಬಾದ್" ಎಂದು ಕೋಯ ಅವರನ್ನು ಮೆಲ್ಲನೆ ಹೊರಗೆ ಸರಿಸಿ ಶಟರ್ ಎಳೆದ.

ಇಬ್ಬರೂ ಒಂದೇ ಮಸೀದಿಗೆ ಹೋದರು, ಒಂದೇ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತರು, ಒಟ್ಟಿಗೇ ಹಿಂತಿರುಗಿದರು. ದಾರಿಯಲ್ಲಿ ಕೋಯನಿಗೆ ಊರಿನ ಮಾವಿನ ನೆನಪಾಗಿ ನಿಧಾನವಾಗಿ ನಡೆಯತೊಡಗಿದ. ಮಜೀದರಿಗೆ ಅವನನ್ನು ಎತ್ತಿಕೊಂಡು ಓಡುವಷ್ಟು ಚಡಪಡಿಕೆ. ಡಬ್ಬಿ ಕೈಗೆ ಬಂದಾಗ ನಾಲ್ಕೂವರೆ ದಾಟಿತ್ತು.

ಮನೆಯ ಬಾಗಿಲು ತೆರೆದರೆ ಒಳಗೆ ಎಲುಬು ಕೊರೆಯುವ ಚಳಿ. ಹರಿಣಾಕ್ಷಿಯ ಗಂಡ ನೋಣಯ ಸ್ಟೂಲಿನ ಮೇಲೆ ನಿಂತಿದ್ದರು. ವೃತ್ತಿಯಿಂದ ಎಲೆಕ್ಟ್ರಿಷಿಯನ್. ತಮ್ಮ ಮನೆಯ ಎ.ಸಿ.ಯನ್ನೂ ಕಳಚಿ ತಂದು ಮಜೀದರ ಹಜಾರದ ಇನ್ನೊಂದು ಕಿಟಕಿಗೆ ಕೂರಿಸಿಬಿಟ್ಟಿದ್ದರು.

"ಬ್ರಿಟನ್ ಅಂದ್ರೆ ಚಳಿ ಬೇಕಲ್ಲ ಮಜೀದಣ್ಣ. ನಲ್ವತ್ತೈದು ಡಿಗ್ರಿಯಲ್ಲಿ ಬಿಳಿ ದೊರೆಗೆ ಊರಿನ ನೆನಪು ಎಂತ ಬರ್ತದೆ?"

"ವಯರಿಂಗ್ ತಡಿತದಾ ನೋಣಯಣ್ಣ?"

"ನಾನು ಉಂಟಲ್ಲ" ಎಂದರು ನೋಣಯ. ಮಜೀದರು ಹಾಲು ಕುದಿಸಿ ಕಸ್ಟರ್ಡ್ ಪೌಡರ್ ಹಾಕಲು ಚಮಚ ಎತ್ತಿದಾಗ ಮನೆಯಿಡೀ ಕರೆಂಟು ಹೋಯಿತು. ಕಿಟಕಿಯಿಲ್ಲದ ಅಡಿಗೆಮನೆ ಕಗ್ಗತ್ತಲಾಯಿತು. ಚಮಚದ ಬದಲು ಡಬ್ಬಿಯೇ ಹಾಲಿಗೆ ಮಗುಚಿತು. ಕದಡಿದಷ್ಟೂ ಗಂಟು. ಆ ಗಡಿಬಿಡಿಯಲ್ಲಿ ಪಕ್ಕದ ಒಲೆಯ ಎಲೆಕೋಸನ್ನು ಎಲ್ಲರೂ ಮರೆತರು. ಬೆಳಿಗ್ಗೆಯಿಂದ ಬೆಂದ ಅದು ಬಣ್ಣ ಬಿಟ್ಟು, ಒದ್ದೆ ಕಾಗದದ ವಾಸನೆ ಬೀರುತ್ತಿತ್ತು. ಕತ್ತಲೆಯಲ್ಲಿ ಹಿಬಾ ಬಟಾಣಿಗೆ ಎರಡು ಸಲ ನೀರು ಹಾಕಿದ್ದಳು.

ನೋಣಯ ಕರೆಂಟು ಬರಿಸಿದಾಗ ಝೀನತ್ ಒಂದೊಂದೇ ಮುಚ್ಚಳ ತೆಗೆದು ನೋಡಿದಳು. ಅವಳಿಗೆ ಸಿಟ್ಟಿಗಿಂತ ಅಳು ಬಂತು. "ಇದನ್ನು ತಿಂದ ಮೇಲೆ ಅವರು ನಿಮ್ಮನ್ನು ಹಫ್ರಿಗೆ ಅಲ್ಲ, ಇನ್ನೂ ದೂರಕ್ಕೆ ಕಳಿಸ್ತಾರೆ. ನೀವಿಲ್ಲದೆ ನಾನು ಈ ಊರಲ್ಲಿ ಹೇಗಿರುದು ಹೇಳಿ? ಒಂದು ಸಾಮಾನು ತರ್ಲಿಕ್ಕೆ ಸಹ ನಂಗೆ ಗಾಡಿ ಬಿಡುವ ಹಾಗಿಲ್ಲ."

ಮಜೀದರು ಮುಚ್ಚಳಗಳನ್ನು ಮತ್ತೆ ಮುಚ್ಚಿದರು. ಹೊರಗಿಂದ ಕೋಳಿ ಬಿರಿಯಾನಿ ತರಿಸೋಣವೆಂದು ಫೋನ್ ಕೈಗೆತ್ತಿಕೊಂಡರು. ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು. ಏಳು ಗಂಟೆಗೆ ಬರುತ್ತೇನೆಂದ ಡಗ್ಲಸ್ ಏಳಕ್ಕೆ ಸರಿಯಾಗಿ ಬಾಗಿಲಲ್ಲಿದ್ದರು.

ಹೆಂಗಸರು ಅಡಿಗೆಮನೆಯ ಪರದೆಯ ಹಿಂದೆ ಸೇರಿದರು. ಮಜೀದರು ಬಡಿಸಿದರು. ಡಗ್ಲಸ್ ತಟ್ಟೆಯನ್ನು ನೋಡಿದರು. ಬೂದು ಬಣ್ಣದ ಎಲೆಕೋಸು, ನೀರಲ್ಲಿ ತೇಲುವ ಬಟಾಣಿ, ಒಂದು ಗುಡ್ಡೆ ಆಲೂಗಡ್ಡೆ. ಒಂದು ಚಮಚ ಬಾಯಿಗಿಟ್ಟರು. ಚಮಚ ಕೆಳಗಿಟ್ಟರು.

ಮುಗಿಯಿತು ಎಂದುಕೊಂಡರು ಮಜೀದರು.

ಡಗ್ಲಸ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಐವತ್ತು ವರ್ಷವಾಯಿತು" ಎಂದು ಇಂಗ್ಲಿಷಿನಲ್ಲಿ ಮೆಲ್ಲನೆ ಹೇಳಿದರು. "ನಮ್ಮ ಶಾಲೆಯ ಎಲೆಕೋಸು. ಇದೇ ವಾಸನೆ." ಆಮೇಲೆ ತಟ್ಟೆ ಬರಿದು ಮಾಡಿದರು. ಮತ್ತೊಮ್ಮೆ ಹಾಕಿಸಿಕೊಂಡರು. ಕಸ್ಟರ್ಡಿನ ಗಂಟು ಹಲ್ಲಿಗೆ ಸಿಕ್ಕಾಗ ಮಗುವಿನಂತೆ ನಕ್ಕರು. ಇಬ್ಬರೂ ಶಾಲೆಯ ಚಳಿ, ತೂತುಬಿದ್ದ ಕಾಲುಚೀಲ, ಊಟ ಮುಗಿಸದೆ ಏಳಲು ಬಿಡದ ಬಡಿಸುವ ಹೆಂಗಸು ಎಲ್ಲವನ್ನೂ ನೆನೆದರು. ಮಜೀದರಿಗೆ ಕೆಲಸದ ಚಿಂತೆ ಮರೆತು ನಿಜಕ್ಕೂ ಸಂತೋಷವಾಯಿತು. ಪರದೆಯ ಹಿಂದೆ ಝೀನತ್ ಹರಿಣಾಕ್ಷಿಯ ಕೈ ಗಟ್ಟಿಯಾಗಿ ಹಿಡಿದಳು.

"ಮಜೀದ್, ನಿನ್ನ ಹೆಸರನ್ನು ಇವತ್ತು ಬೆಳಿಗ್ಗೆಯೇ ಪಟ್ಟಿಯಿಂದ ಹೊಡೆದುಹಾಕಿದ್ದೆ" ಎಂದರು ಡಗ್ಲಸ್, ಬಾಯಿ ಒರೆಸುತ್ತ. "ಮಗಳು ಹತ್ತನೇ ಕ್ಲಾಸು ಎಂದು ಯಾರೋ ಹೇಳಿದರು. ಅದನ್ನು ತಿಳಿಸಿ ಹೋಗೋಣವೆಂದೇ ಬಂದೆ."

ಮಜೀದರಿಗೆ ಅವರ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳಬೇಕೆನಿಸಿತು.

"ಆದರೆ ಈ ಊಟ ತಿಂದ ಮೇಲೆ ನನ್ನ ಮನಸ್ಸು ಬದಲಾಯಿತು. ಹಫ್ರ್ ಕ್ಯಾಂಪಿನಲ್ಲಿ ನಮ್ಮ ಹನ್ನೊಂದು ಮಂದಿ ಬ್ರಿಟಿಷ್ ಇಂಜಿನಿಯರುಗಳಿದ್ದಾರೆ. ಊರು ನೆನಪಾಗಿ ತಿಂಗಳಿಗೊಬ್ಬ ರಾಜೀನಾಮೆ ಕೊಡುತ್ತಿದ್ದಾನೆ. ಅವರಿಗೆ ಬೇಕಾದವನು ನೀನೇ. ಸ್ಟೋರ್ ಬೇಡ, ಊಟದ ಉಸ್ತುವಾರಿ ನೋಡಿಕೋ. ಒಂದು ವರ್ಷಕ್ಕಲ್ಲ, ಪ್ರಾಜೆಕ್ಟ್ ಮುಗಿಯುವ ತನಕ."

ಮಜೀದರಿಗೆ ತಪ್ಪಿಸಿಕೊಳ್ಳಲು ಒಂದೇ ದಾರಿ ಕಂಡಿತು. "ಸರ್, ಇದನ್ನು ನಾನು ಮಾಡಿದ್ದಲ್ಲ. ಎಲ್ಲ ಪಕ್ಕದ ಮನೆಯವರು ಮಾಡಿದ್ದು. ನನಗೆ ನೀರು ಕುದಿಸಲೂ ಬರುವುದಿಲ್ಲ."

ಪರದೆಯ ಹಿಂದೆ ಹರಿಣಾಕ್ಷಿಗೆ ಅರ್ಥವಾದದ್ದು ಅರ್ಧ. ಆ ಅರ್ಧವೇ ಸಾಕಾಯಿತು. ಈ ಎಲೆಕೋಸಿನ ಅಪವಾದ ತನ್ನ ತಲೆಗೆ ಬರುವುದನ್ನು ಅವಳು ಸಹಿಸುವವಳಲ್ಲ. ಪರದೆ ಸರಿಸಿ ಮುಂದೆ ಬಂದಳು.

"ನೋ ಸರ್. ನಾಟ್ ಮೀ. ಆಲ್ ಮಜೀದಣ್ಣ ಕುಕಿಂಗ್. ಮಾರ್ನಿಂಗ್ ಟು ಈವ್ನಿಂಗ್. ಹೀ ನಾಟ್ ಲೆಟ್ ಎನಿಬಡಿ ಟಚ್."

ಡಗ್ಲಸ್ ಅವಳನ್ನೂ ಮಜೀದರನ್ನೂ ನೋಡಿದರು. ಅವರ ಕಣ್ಣು ಮತ್ತೆ ತೇವವಾಯಿತು. ಎದ್ದು ಬಂದು ಮಜೀದರ ಬೆನ್ನ ಮೇಲೆ ಕೈಯಿಟ್ಟರು.

"ಎಂಥ ವಿನಯ ಮಜೀದ್ ನಿನ್ನದು" ಎಂದರು. "ಭಾನುವಾರ ಬೆಳಿಗ್ಗೆ ಆರಕ್ಕೆ ಗಾಡಿ ಕಳಿಸುತ್ತೇನೆ."