ನಾನು ಸುಧಾರಿಸಿದ ಗರಗಸ

ಮರ ಕತ್ತರಿಸುವುದೇನು ಮಹಾ ವಿದ್ಯೆ? ದೊಡವಾಡದ ಸಾಲೆಯಲ್ಲಿ ಚಿತ್ರಕಲೆ ಕಲಿಸುತ್ತ ನಾನು ಬರೆದ ಮರಗಳಿಗೆ ಲೆಕ್ಕವಿಲ್ಲ. ಬರೆಯಬಲ್ಲವನಿಗೆ ಕತ್ತರಿಸುವುದು ಕಷ್ಟವೇ!

ನಾಗರ ಪಂಚಮಿಗೆ ತೊರಗಲ್ಲಿನಿಂದ ತಂಗಿ ಶಾಂತಾ ಬರುವವಳಿದ್ದಳು. ಕಾಯಿಲೆ ಬಿದ್ದ ಅತ್ತೆಯ ಆರೈಕೆಯಿಂದಾಗಿ ಹೋದ ವರ್ಷ ಬಂದಿರಲಿಲ್ಲ. "ಅಣ್ಣಾ, ನಮ್ಮ ಬೇವಿನ ಗಿಡಕ್ಕ ಜೋಕಾಲಿ ಕಟ್ಟಿಸಿಡು. ಈ ಸಲ ಮನಸಾರೆ ಜೀಕಬೇಕು" ಎಂದು ಫೋನಿನಲ್ಲಿ ಹೇಳಿದ್ದಳು. ಹಿತ್ತಲಿನ ಬೇವಿನಲ್ಲಿ ಜೋಕಾಲಿಯ ಭಾರ ತಡೆಯುವ ಟೊಂಗೆ ಒಂದೇ. ಅದರ ಮೇಲೊಂದು ಒಣ ಟೊಂಗೆ. ಅದು ತಂಗಿಯ ತಲೆ ಮೇಲೆ ಬೀಳಬಾರದಲ್ಲ? ಬೈಲಹೊಂಗಲದ ದಸ್ತಗೀರಸಾಬರ ಅಂಗಡಿಯಿಂದ ಬ್ಯಾಟರಿ ಗರಗಸ ತಂದೆ.

ಅದರಲ್ಲೊಂದು ದೋಷವಿತ್ತು. ಹೆಬ್ಬೆರಳಿಗೊಂದು ಗುಂಡಿ, ತೋರುಬೆರಳಿಗೊಂದು ಗುಂಡಿ. ಎರಡನ್ನೂ ಒತ್ತಿ ಹಿಡಿದರಷ್ಟೇ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಕಲಾವಿದನ ಬೆರಳಿಗೆ ಇದೆಂಥ ಶಿಕ್ಷೆ! ಸೈಕಲ್ ಟ್ಯೂಬಿನ ತುಂಡಿನಿಂದ ಎರಡೂ ಗುಂಡಿಗಳನ್ನು ಬಿಗಿದು ಕಟ್ಟಿದೆ.

"ಅದನ್ಯಾಕ ಕಟ್ಟತೀರಿ? ಕಂಪನಿಯವರು ಸುಮ್ಮನ ಇಟ್ಟಾರೇನು?" ಎಂದಳು ಹೆಂಡತಿ ಕಸ್ತೂರಿ.

"ಇದಕ್ಕ ಸುಧಾರಣಾ ಅಂತಾರ. ಕಂಪನಿಯವರಿಗೆ ಕಲ್ಪನಾಶಕ್ತಿ ಕಡಿಮಿ."

ಏಣಿ ಹತ್ತಿ ಬ್ಯಾಟರಿ ಹಾಕಿದೆ. ಗರಗಸ ಗುಂಯ್ ಎಂದಿತು. ಶ್ರಾವಣದ ಜಿಟಿಜಿಟಿ ಮಳೆ ಆಗಷ್ಟೇ ನಿಂತು, ಎಲೆಗಳಿಂದ ಹನಿ ತೊಟ್ಟಿಕ್ಕುತ್ತಿದ್ದವು. ಮೋಡಗಳು ಯಾವ ಅವಸರವೂ ಇಲ್ಲದೆ ಸಾಗಿದ್ದವು. ಅವುಗಳ ನಡುವೆ ಚಿಕ್ಕಂದಿನ ಎರಡು ಜಡೆಯ ಶಾಂತಾ ಜೀಕುತ್ತಿದ್ದಳು. ಲಂಗದಲ್ಲಿ ಗಾಳಿ ತುಂಬಿ, ಕಾಲ ಬೆರಳು ಎಲೆ ಮುಟ್ಟಿ, ಇನ್ನೂ ಮೇಲೆ, ಇನ್ನೂ ಮೇಲೆ... ನನ್ನ ಬೆರಳಿಗೆ ಕೆಲಸವೇ ಇರಲಿಲ್ಲ. ಸುಧಾರಣೆ ಎಂದರೆ ಇದು! ಕಣ್ಣು ತಾವಾಗಿಯೇ ಮುಚ್ಚಿದವು.

ಧಡ್!

ಕಣ್ಣು ಬಿಟ್ಟೆ. ಒಣ ಟೊಂಗೆ ಕ್ಷೇಮವಾಗಿತ್ತು. ಜೋಕಾಲಿಯ ಟೊಂಗೆ ನೆಲದ ಮೇಲಿತ್ತು!

ಗಾಬರಿಯಲ್ಲಿ ಗರಗಸ ಕೈಬಿಟ್ಟೆ. ಬಿದ್ದರೂ ಅದು ನಿಲ್ಲಲಿಲ್ಲ. ಹಿತ್ತಲ ತುಂಬ ಕುಣಿಯುತ್ತ ಕಸ್ತೂರಿಯ ಮೆಣಸಿನಗಿಡಗಳನ್ನು ಸವರತೊಡಗಿತು.

"ಬಂದ್ ಮಾಡ್ರೀ ಅದನ್ನ!" ಎಂದು ಅವಳು ಕಟ್ಟೆ ಏರಿದಳು.

ಹೇಗೆ ಬಂದ್ ಮಾಡಲಿ? ಬ್ಯಾಟರಿ ಮುಗಿಯುವವರೆಗೆ ಅವಳು ಕಟ್ಟೆಯ ಮೇಲೆ, ನಾನು ಏಣಿಯ ಮೇಲೆ.

ಮರುದಿನ ಗರಗಸ ಹಿಡಿದು ಬೈಲಹೊಂಗಲದ ಬಸ್ಸು ಹತ್ತಿದೆ. ಕಂಪನಿಯ ಮಾಲೀಕ ಕೈಮುಗಿದು ಪರಿಹಾರ ಕೊಡುವ ದೃಶ್ಯ ದಾರಿಯುದ್ದಕ್ಕೂ ಕಣ್ಣ ಮುಂದಿತ್ತು. ದಸ್ತಗೀರಸಾಬರು ಟ್ಯೂಬನ್ನು ನೋಡಿ, ನನ್ನನ್ನು ನೋಡಿ, ಕಂಪನಿಗೆ ಫೋನ್ ಹಚ್ಚಿಕೊಟ್ಟರು.

"ಸರ್, ಯಂತ್ರದಲ್ಲಿ ಏನಾದರೂ ಬದಲಾವಣೆ ಮಾಡಿದ್ದೀರಾ?" ಎಂದಿತು ಹುಡುಗಿಯೊಬ್ಬಳ ಮಧುರ ದನಿ.

"ಸುಧಾರಣಾ ಮಾಡೇನಿ! ಎರಡೂ ಗುಂಡಿ ಟ್ಯೂಬಿನಿಂದ ಬಿಗದ ಕಟ್ಟೇನಿ."

"ಹಾಗಾದರೆ ಜವಾಬ್ದಾರಿ ನಮ್ಮದಲ್ಲ, ಸರ್."

"ಹಂಗಂದ್ರ ಹೆಂಗವಾ? ಕೆಲಸಾ ಮಾಡಾವ ನಡುವ ಕನಸ ಕಾಣಬಹುದು ಅಂತ ನಿಮಗ ಮದಲ ಹೊಳೀಬೇಕಿತ್ತು!"

"ಹೊಳೆದೇ ಆ ಎರಡು ಗುಂಡಿ ಇಟ್ಟಿದ್ದೇವೆ, ಸರ್."

ದಸ್ತಗೀರಸಾಬರು ಚಹಾ ತರಿಸಿದರು. "ಮಾಸ್ತರ್ರ, ಈಗಿದು ಅವರ ಮಷೀನ ಅಲ್ರಿ. ನೀವ ತಯಾರ ಮಾಡಿದ್ದು. ಏನರ ತಕರಾರ ಇದ್ರ ನಿಮ್ಮ ಕಡೇನ ಬರಬೇಕು."

ತಕರಾರು ಸಂಜೆಯ ಬಸ್ಸಿಗೇ ಬಂದಿತು. ಶಾಂತಾ ಬ್ಯಾಗು ಇಳಿಸಿದವಳೇ ಹಿತ್ತಲಿಗೆ ಹೋದಳು. ಟೊಂಗೆ ಇದ್ದ ಜಾಗ ನೋಡುತ್ತ ನಿಂತಳು. ಬೈದಿದ್ದರೆ ಬದುಕುತ್ತಿದ್ದೆ. "ಇರ್ಲಿ ಬಿಡೋ ಅಣ್ಣಾ" ಎಂದು ಮುಖ ತಿರುಗಿಸಿದಳು. ಯಾವ ಕಂಪನಿಯೂ ಬದಲಿ ಟೊಂಗೆ ಕೊಡುವುದಿಲ್ಲ.

ಕೊನೆಗೆ ಕರುಣೆ ತೋರಿದವನು ಪಕ್ಕದ ಮನೆಯ ಬಸಪ್ಪ. ಪಂಚಮಿಯಂದು ತನ್ನ ಹುಣಸೆಮರಕ್ಕೆ ಕಟ್ಟಿದ ಜೋಕಾಲಿಗೆ ಶಾಂತಾಳನ್ನು ಕರೆದ. ಅವಳು ಜೀಕಿದಳು. ಸೆರಗು ಹಾರಿತು, ಕಾಲ ಬೆರಳು ಎಲೆ ಮುಟ್ಟಿತು, ಅದೇ ಹಳೆಯ ನಗು ನಕ್ಕಳು. ಬೇಲಿಯಾಚೆ ನಿಂತು ನೋಡುತ್ತಿದ್ದ ನನ್ನ ಕಣ್ಣು ಮಂಜಾದವು.

"ಅಣ್ಣಾ, ಬಾರೋ! ನೀ ತೂಗು!"

ಬರಿಗೈಯಲ್ಲಿ, ತುಂಬಿದ ಮನಸ್ಸಿನಿಂದ ಒಂದು ಹೆಜ್ಜೆ ಒಳಗಿಟ್ಟೆ. ಬಸಪ್ಪ ಓಡಿಹೋಗಿ ಹುಣಸೆಮರವನ್ನು ಎರಡೂ ಕೈಯಿಂದ ತಬ್ಬಿಕೊಂಡ!

"ಮಾಸ್ತರ್ರ, ನಿಮ್ಮ ಕಾಲ ಬೀಳತೇನಿ. ಅಲ್ಲೇ ನಿಂದರ್ರಿ!"